ಪಿಸ್ತೂಲು ಆಯ್ಕೆ ಉಪಸಮಿತಿ

ಸಿಂಗಾಪುರದ ಜುರಾಂಗ್ ವೆಸ್ಟ್ ಕನ್ನಡ ಬಳಗದ ಆಯುಧಪೂಜೆಯಲ್ಲಿ ಇದುವರೆಗೆ ಪೂಜೆಗೊಂಡ ಆಯುಧಗಳೆಂದರೆ ಲ್ಯಾಪ್‌ಟಾಪುಗಳು, ಮಿಕ್ಸಿ, ಏರ್ ಫ್ರೈಯರ್ ಮತ್ತು ಅಧ್ಯಕ್ಷ ತಿಪ್ಪಣ್ಣನವರ ಗಾಲ್ಫ್ ಕೋಲು ಎಂಬುದನ್ನು ಮೊದಲಿಗೆ ನಮೂದಿಸತಕ್ಕದ್ದು. ಇದರಿಂದ ಯಾರಿಗೂ ನಾಚಿಕೆಯಾಗಿರಲಿಲ್ಲ, ದ್ವಾರಕನಾಥ್ ವಾಟ್ಸಾಪ್ ಗ್ರೂಪಿನಲ್ಲಿ ಬಾಯಿಬಿಡುವವರೆಗೆ.

ದ್ವಾರಕನಾಥ್ ಮೈಸೂರಿನವರು, ಸಾಫ್ಟ್‌ವೇರಿನವರು, ಸಾಧುಪ್ರಾಣಿ. ಶನಿವಾರಗಳಂದು ಶೂಟಿಂಗ್ ಕ್ಲಬ್ಬಿಗೆ ಹೋಗಿ, ಅಲ್ಲಿನ ಬಾಡಿಗೆ ಪಿಸ್ತೂಲಿನಿಂದ ಕಾಗದಕ್ಕೆ ತೂತು ಮಾಡಿ ಬರುತ್ತಾರೆ. ಪಾಪ, ಮನುಷ್ಯನಿಗೆ ಇದ್ದದ್ದು ಒಂದೇ ಆಸೆ. ಸ್ವಂತದ್ದೊಂದು ಪಿಸ್ತೂಲು ಬೇಕು. ಹಳೇ ಕಾಲದ ಮಾದರಿಯ ಸೆಮಿ ಆಟೊಮ್ಯಾಟಿಕ್, ಉಕ್ಕಿನ ಮೈ, ಮರದ ಹಿಡಿ, ಕೈಗೆಟಕುವ ಬೆಲೆ. ಅದರಿಂದ ಒಂದೇ ಒಂದು ಗುಂಡು ಹೊಡೆದರೂ ಜನ್ಮ ಸಾರ್ಥಕ ಅನ್ನುತ್ತಿದ್ದರು. ಲೈಸೆನ್ಸು ಸಿಕ್ಕಿತ್ತು. ಅದಕ್ಕಿಂತ ಕಷ್ಟದ ಹೆಂಡತಿ ಜಯಾರ ಒಪ್ಪಿಗೆಯೂ ಸಿಕ್ಕಿತ್ತು. ಸುಮ್ಮನೆ ಹೋಗಿ ಕೊಳ್ಳುವುದು ಬಿಟ್ಟು ಪುಣ್ಯಾತ್ಮ ಗ್ರೂಪಿನಲ್ಲಿ ಕೇಳಿದರು: “ಫ್ರೆಂಡ್ಸ್, ಫಸ್ಟ್ ಪಿಸ್ತೂಲ್ ತಗೋತಿದೀನಿ. ಎನಿ ಸಜೆಷನ್ಸ್?”

ಗ್ರೂಪಿನಲ್ಲಿ ಸಜೆಷನ್ ಕೇಳಬಾರದೆಂದು ಬಳಗದ ಬೈಲಾದಲ್ಲಿ ಎಲ್ಲೂ ಇಲ್ಲ. ಇರಬೇಕಿತ್ತು.

ಸಂಜೆಯೊಳಗೆ ಪಿಸ್ತೂಲು ಆಯ್ಕೆ ಉಪಸಮಿತಿ ಅಸ್ತಿತ್ವಕ್ಕೆ ಬಂತು. ನಾನೇ ಸಂಚಾಲಕ. ಸದಸ್ಯರಲ್ಲಿ ಯಾರೂ ಜನ್ಮದಲ್ಲಿ ಪಿಸ್ತೂಲು ಮುಟ್ಟಿದವರಲ್ಲವಾದ್ದರಿಂದ ನಿಷ್ಪಕ್ಷಪಾತಕ್ಕೆ ಧಕ್ಕೆ ಬರುವ ಸಂಭವವಿರಲಿಲ್ಲ. ದ್ವಾರಕನಾಥ್ ಮಾತ್ರ ಸ್ವಹಿತಾಸಕ್ತಿ ಉಳ್ಳವರೆಂದು ಕಂಡುಬಂದು, ಅವರಿಗೆ ಮತದಾನದ ಹಕ್ಕನ್ನು ನಿರಾಕರಿಸಲಾಯಿತು.

ನಮ್ಮ ಫ್ಲ್ಯಾಟುಗಳ ಕೆಳಗಿನ ಖಾಲಿ ಅಂಗಳವಾದ ವಾಯ್ಡ್ ಡೆಕ್ಕಿನಲ್ಲಿ ಸಭೆ ಸೇರಿತು. ಚುರುಮುರಿ ಇತ್ತು.

“ವಾರಂಟಿ ಎಷ್ಟು ವರ್ಷ?” ಎಂದು ಖಜಾಂಚಿ ಹಂಸಾ ಕೇಳಿದರು. “ರೀಸೇಲ್ ಹೇಗಿದೆ? ಜೊತೆಗೆ ಏನಾದ್ರೂ ಫ್ರೀ ಕೊಡ್ತಾರಾ?”

“ಇದೇ ಬೆಂಗಳೂರಲ್ಲಿ ಅರ್ಧ ರೇಟಿಗೆ ಸಿಗುತ್ತೆ ರೀ,” ಎಂದರು ಸದಸ್ಯ ಸಂಪತ್. “ನಮ್ಮತ್ತೆ ಮುಂದಿನ ವಾರ ಬರ್ತಿದಾರೆ. ಉಪ್ಪಿನಕಾಯಿ ಜೊತೆ ಪ್ಯಾಕ್ ಮಾಡ್ಕೊಂಡು ಬರ್ತಾರೆ.”

 ಕದ್ದು ತಂದ ಪಿಸ್ತೂಲಿಗೆ ಜೈಲು, ಛಡಿಯೇಟು ವಿಧಿಸುವ ಇಲ್ಲಿನ ಕಾನೂನು ಎಲ್ಲರಿಗೂ ಒಟ್ಟಿಗೇ ನೆನಪಾಗಿ, ಆ ಮಾತನ್ನು ನಡಾವಳಿಯಿಂದ ತೆಗೆದುಹಾಕಿ, ಸಂಪತ್ ಅವರ ಅತ್ತೆಗೆ ದೀರ್ಘಾಯುಷ್ಯ ಕೋರಲಾಯಿತು.

“ಸಾರ್, ಅಂಗಡೀಲಿ ಕರೀದೊಂದು ನೋಡಿದೀನಿ,” ಎಂದರು ದ್ವಾರಕನಾಥ್. “ಕೈಗೆ ಹಾಗೇ ಒಗ್ಗಿಬಿಡ್ತು. ರೇಟೂ ಕಮ್ಮಿ.”

“ಕರೀದು ಶುಭಕಾರ್ಯಕ್ಕೆ ಬ್ಯಾಡ್ರಿ,” ಎಂದರು ತಿಪ್ಪಣ್ಣ. “ಬೆಳ್ಳಿ ಬಣ್ಣದ್ದು ತಗೊಳ್ರಿ. ಕುಂಕುಮ ಎದ್ದು ಕಾಣ್ತದ.”

“ಕುಂಕುಮನಾ?”

“ಮತ್ತ? ಆಯುಧಪೂಜಿಗೆ ಕಡೀಗೂ ಒಂದು ಆಯುಧ ಸಿಕ್ತು. ಬಿಡ್ತೀವೇನು?”

ಬೆಳ್ಳಿ ಬಣ್ಣದ್ದಕ್ಕೆ ಬೆಲೆ ಹೆಚ್ಚು. ಆದರೆ ಹಣ ದ್ವಾರಕನಾಥರದಾದ್ದರಿಂದ ಅದರಲ್ಲಿ ಉಪಸಮಿತಿ ಹಸ್ತಕ್ಷೇಪ ಮಾಡಲಿಲ್ಲ.

ಕೊಂಡ ಬೆಳ್ಳಿ ಬಣ್ಣದ ಪಿಸ್ತೂಲನ್ನು ಮನೆಗೆ ಒಯ್ಯುವಂತಿಲ್ಲ. ಕ್ಲಬ್ಬಿನ ಕಬ್ಬಿಣದ ಕೋಣೆಯಲ್ಲೇ ಇರಬೇಕು. ಹಾಗಾಗಿ ಆಯುಧಪೂಜೆಯ ದಿನ ಬಳಗವೇ ಬಸ್ಸು ಮಾಡಿಕೊಂಡು ಕ್ಲಬ್ಬಿಗೆ ಹೋಯಿತು. ಕೋಣೆಯ ಉಸ್ತುವಾರಿ ಮಿಸ್ಟರ್ ಕೋ ಊದುಬತ್ತಿ ಬೇಡವೆಂದರು, ಪಕ್ಕದಲ್ಲೇ ಮದ್ದುಗುಂಡು. ಉಳಿದದ್ದಕ್ಕೆಲ್ಲ ಒಪ್ಪಿದರು. ಹಿಡಿಗೆ ಚೆಂಡುಹೂವು, ನಳಿಗೆಗೆ ಅರಿಶಿನ ಕುಂಕುಮ. ಜಯಾ ಬ್ಯಾಟರಿ ದೀಪದಲ್ಲಿ ಆರತಿ ಎತ್ತಿದರು. ಪಿಸ್ತೂಲು ಮದುವಣಗಿತ್ತಿಯಂತೆ ಕಾಣುತ್ತಿತ್ತು.

“ಪೂಜೆ ಆಯ್ತಲ್ಲ, ಒಂದು ರೌಂಡ್ ಹೊಡೀಲಾ?” ಎಂದು ದ್ವಾರಕನಾಥ್ ಕೈಚಾಚಿದರು.

“ಅಯ್ಯಯ್ಯೋ, ಮುಟ್ಬೇಡಿ!” ಜಯಾ ಕಿರುಚಿದರು. “ಪೂಜೆಗಿಟ್ಟ ಆಯುಧ! ಕದಲಿಸೋವರೆಗೂ ಬಳಸಬಾರ್ದು, ಗೊತ್ತಿಲ್ವಾ?”

ಮಾತು ನ್ಯಾಯವಾದದ್ದೇ. ಪೂಜೆ ಮುಗಿಸಿ, ಆರತಿ ಎತ್ತಿ, ಇಟ್ಟ ಜಾಗದಿಂದ ಒಂದಿಷ್ಟು ಕದಲಿಸಿದ ಮೇಲೆಯೇ ಬಳಕೆ. ವಿಜಯದಶಮಿಗೆ ಕದಲಿಸಬೇಕಿತ್ತು. ಆದರೆ ಪೂಜೆಗಿಟ್ಟದ್ದು ಉಪಸಮಿತಿ. ಕದಲಿಸಬೇಕಾದ್ದೂ ಉಪಸಮಿತಿಯೇ, ಅದೂ ಪೂರ್ಣ ಹಾಜರಾತಿಯಲ್ಲಿ. ಅಂದು ಸಂಪತ್ ಜಕಾರ್ತಾದಲ್ಲಿದ್ದರು. ದೀಪಾವಳಿಗೆ ಹಂಸಾ ಊರಿಗೆ ಹೋಗಿದ್ದರು. ಸಂಕ್ರಾಂತಿಗೆ ತಿಪ್ಪಣ್ಣನವರ ಮೊಣಕಾಲು ಊದಿಕೊಂಡಿತ್ತು. ಅಷ್ಟರಲ್ಲಿ ಯಿಶುನ್, ಟೋವಾ ಪಾಯೋ ಕಡೆಯ ಕನ್ನಡಿಗರು ದರ್ಶನಕ್ಕೆ ಬರತೊಡಗಿದರು. ದರ್ಶನ ಮಾಡಿಹೋದ ಒಬ್ಬರಿಗೆ ಪಿ.ಆರ್., ಅಂದರೆ ಇಲ್ಲಿ ಕಾಯಂ ನೆಲೆಸುವ ಪರವಾನಗಿ, ಸಿಕ್ಕಿತು. ಆಮೇಲೆ ಕದಲಿಸುವ ಮಾತನ್ನೇ ಯಾರೂ ಎತ್ತಲಿಲ್ಲ. ದ್ವಾರಕನಾಥ್ ಎತ್ತಿದರು, ಅವರಿಗೆ ಮತವಿಲ್ಲ.

ಕಳೆದ ಶನಿವಾರ ದ್ವಾರಕನಾಥ್, ಜಯಾ ಜೊತೆ ನಾನೂ ಕ್ಲಬ್ಬಿಗೆ ಹೋಗಿದ್ದೆ. ಕಿಟಕಿಯಲ್ಲಿ ಮಿಸ್ಟರ್ ಕೋ ವಾಡಿಕೆಯಂತೆ ಕೇಳಿದರು: “ಅಂಕಲ್, ಟುಡೇ ಶೂಟ್ ಆರ್ ಪ್ರೇ?”

ದ್ವಾರಕನಾಥ್ ತಮ್ಮ ಪಿಸ್ತೂಲನ್ನು ನೋಡಿದರು. ಬಲಗೈ ಬೆರಳು ತಾನಾಗಿ ಮಡಚಿಕೊಂಡಿತು.  ಹಿಂದೆ ತೆಂಗಿನಕಾಯಿ ಹಿಡಿದವರ ಸಾಲು ಕಾರ್ ಪಾರ್ಕಿನವರೆಗೆ ಇತ್ತು. ಜಯಾ ಮೆಲ್ಲಗೆ ಕೆಮ್ಮಿದರು.

“ಪ್ರೇ ಲಾ,” ಎಂದರು ದ್ವಾರಕನಾಥ್, ಇಲ್ಲಿನವರ ಧಾಟಿಯಲ್ಲಿ.

ಮಿಸ್ಟರ್ ಕೋ ತಲೆಯಾಡಿಸಿ, ಬೂಟು ಬಿಚ್ಚಿಟ್ಟು, ಕೋಣೆಯ ಬಾಗಿಲು ತೆರೆದರು.