ಆರು ಗಂಟೆಯೊಳಗಿನ ಲಾಭ

ಅತ್ತೆ ಬರುವ ದಿನ ಬೆಳಿಗ್ಗೆ ಹೆಂಡತಿ ತೀರ್ಪು ಕೊಟ್ಟಳು.

"ಇರೋದು ಒಂದೇ ಹೆಚ್ಚಿನ ರೂಮು, ಅದ್ರಲ್ಲಿ ನಿಮ್ಮ ಮೆಷೀನು ಕೂತಿದೆ. ಸಂಜೆ ಆರರೊಳಗೆ ನಿಮ್ಮ ಮೆಷೀನು ಕರೆಂಟ್ ಖರ್ಚಿಗಿಂತ ಒಂದು ಕಾಸು ಜಾಸ್ತಿ ದುಡಿದು ತೋರಿಸಲಿ, ಅಮ್ಮನ್ನ ಅಕ್ಕನ ಮನೆಗೆ ಹೋಗು ಅಂತೀನಿ. ಇಲ್ದಿದ್ರೆ ಮೆಷೀನು ಗುಜರಿಗೆ, ರೂಮು ಅಮ್ಮಂಗೆ."

ಕನ್ನಡಕದಂಗಡಿ ಯಜಮಾನ ತಿರುಗಿ ರೂಮಿನ ಬಾಗಿಲು ನೋಡಿದ. ಮೆಷೀನು ಹೋದರೆ ಹೋಗಲಿ, ಅವನ ಜೀವವಿದ್ದದ್ದು ಆ ರೂಮಿನಲ್ಲಿ. ದಿನವಿಡೀ ಗಿರಾಕಿಗಳಿಂದ ಅಕ್ಷರ ಓದಿಸಿ ಬಂದವನು ಬಾಗಿಲು ಹಾಕಿಕೊಂಡು ಕಾಲು ಚಾಚಿ ತೆಪ್ಪಗೆ ಕೂರಬಹುದಾದ ಜಾಗ ಪ್ರಪಂಚದಲ್ಲಿ ಅದೊಂದೇ.

ಮೆಷೀನಿನ ಕೆಲಸ ಬಿಟ್‌ಕಾಯಿನ್ ಥರದ ಡಿಜಿಟಲ್ ನಾಣ್ಯ ಅಗೆಯುವುದು, ಅಂದರೆ ಬಿಡುವಿಲ್ಲದೆ ಲೆಕ್ಕ ಬಿಡಿಸಿ ಗಳಿಸುವುದು. ಅದು ಸೇರಿದ್ದ ಪೂಲ್, ಅಂದರೆ ಇಂಥ ಸಾವಿರಾರು ಮೆಷೀನುಗಳ ಕೂಟ, ಆ ಗಳಿಗೆಯಲ್ಲಿ ಯಾವ ನಾಣ್ಯಕ್ಕೆ ಲಾಭ ಜಾಸ್ತಿಯೋ ಅದರ ಮೇಲೆ ಎಲ್ಲರನ್ನೂ ಹಾರಿಸುತ್ತಿತ್ತು. ಎಲ್ಲರೂ ಒಟ್ಟಿಗೆ ಬಂದು ಬಿದ್ದಮೇಲೆ ಅಲ್ಲಿ ಲಾಭ ಎಲ್ಲಿಂದ ಬರಬೇಕು? ತಕ್ಷಣ ಇನ್ನೊಂದಕ್ಕೆ ಹಾರುವುದು. ಬಸ್ಸಿನಲ್ಲಿ ಖಾಲಿ ಸೀಟು ಕಂಡಲ್ಲೆಲ್ಲ ಓಡಿ ಓಡಿ ಕೊನೆಯ ಸ್ಟಾಪಿನವರೆಗೂ ನಿಂತೇ ಹೋದಂತೆ ಅವನ ಪಾಡಾಗಿತ್ತು.

ಅವತ್ತು ಅಂಗಡಿ ತೆರೆಯದೆ ಮೆಷೀನಿನ ಪರದೆಯ ಮುಂದೆ ಕೂತ. ತೀರ್ಪುಗಾರರಾಗಿ ಹೆಂಡತಿ ಕೆಳಮನೆಯ ನಿವೃತ್ತ ಮೀಟರ್ ರೀಡರನ್ನು ನೇಮಿಸಿದಳು. ರಿಟೈರಾದಮೇಲೆ ಅವರನ್ನು ಯಾರೂ ಕೇಳುವವರಿರಲಿಲ್ಲ. ಗಂಟೆಗೊಮ್ಮೆ ಮೀಟರ್ ನೋಡಿ ಮೆಟ್ಟಿಲ ಮೇಲಿಂದಲೇ ಘೋಷಿಸತೊಡಗಿದರು.

"ಯಜಮಾನ್ರೇ, ಮತ್ತೆ ಮೂರು ಯೂನಿಟ್ಟು ಏರ್ತು."

ಮನೆಗೆಲ್ಲ ಒಂದೇ ಮೀಟರು. ಯಜಮಾನ ಮೊದಲು ಫ್ರಿಜ್ ಆರಿಸಿದ, ಹಾಲು ಒಡೆಯಿತು. ಆಮೇಲೆ ಫ್ಯಾನುಗಳನ್ನು ಆರಿಸಿದ, ಹೆಂಡತಿಯ ತಾಳ್ಮೆಯೂ ಒಡೆಯುವ ಹಂತಕ್ಕೆ ಬಂತು.

ಮಧ್ಯಾಹ್ನ ಎದುರುಮನೆಯ ಟೈಲರ್ ಬಂದು ಇಣುಕಿದ.

"ಈ ಹಾರಾಟ ಯಾಕೆ ಸಾರ್? ಯಾವುದಾದ್ರೂ ಒಂದನ್ನೇ ನೆಚ್ಕೊಂಡಿರಿ."

ಅದೂ ಸರಿಯೆನಿಸಿ ಯಜಮಾನ ಹಾರುವುದನ್ನು ನಿಲ್ಲಿಸಿ ಮೆಷೀನನ್ನು ಒಂದೇ ನಾಣ್ಯಕ್ಕೆ ಕಟ್ಟಿಹಾಕಿದ. ಗಂಟೆಯೊಳಗೆ ಅದರ ಬೆಲೆ ಅರ್ಧಕ್ಕಿಳಿಯಿತು. ಗಾಬರಿಯಾಗಿ ಬಿಚ್ಚಿದ. ಬಿಚ್ಚಿದ ಕೂಡಲೇ ಏರಿತು.

"ನೆಚ್ಕೊಂಡಿರಿ ಅಂದೆ, ನೀವು ಬಿಟ್ಟುಬಿಟ್ರಿ" ಎಂದು ಟೈಲರ್ ಬೇಜಾರು ಮಾಡಿಕೊಂಡು ಹೋದ.

ಆರಕ್ಕೆ ಆರು ನಿಮಿಷವಿತ್ತು. ಪೂಲ್ ಯಾವುದೋ ಹೊಸ ನಾಣ್ಯಕ್ಕೆ ಹಾರಿತು. 'ಈಗಿನ ದರದಲ್ಲಿ ದಿನದ ಗಳಿಕೆ' ಎಂಬ ಅಂಕಿ ಏಕಾಏಕಿ ಮೂರು ಪಟ್ಟಾಯಿತು. ಯಜಮಾನ ಹೆಂಡತಿಯನ್ನೂ ಮೀಟರ್ ರೀಡರನ್ನೂ ಕೈಹಿಡಿದು ಎಳೆದುಕೊಂಡೇ ಬಂದ.

ಮೀಟರ್ ರೀಡರ್ ಬೆರಳು ಮಡಿಸಿ ಲೆಕ್ಕ ಹಾಕಿದರು. "ಖರ್ಚಿಗಿಂತ ಜಾಸ್ತಿನೇ ಇದೆ ಕಣಮ್ಮ. ಲಾಭವೇ."

ಹೆಂಡತಿ ಫೋನ್ ತರಲು ತಿರುಗುವಷ್ಟರಲ್ಲಿ ಅಂಕಿ ಪಾತಾಳಕ್ಕೆ ಇಳಿದಿತ್ತು. ಯಜಮಾನ ಪರದೆಯ ಮೇಲೆ ಟವೆಲ್ ಎಳೆದ. ಆ ಲಾಭ ಎಷ್ಟು ಹೊತ್ತಿನದು ಎಂದು ಅವನನ್ನು ಯಾರೂ ಕೇಳಲಿಲ್ಲ, ಒಂದೂವರೆ ನಿಮಿಷದ್ದು ಎಂದು ಅವನೂ ಹೇಳಲಿಲ್ಲ.

"ಅಮ್ಮಾ, ಇವರ ಮೆಷೀನು ಲಾಭ ಮಾಡ್ತಿದೆ, ನೀನು ಅಕ್ಕನ ಮನೆಗೆ ಹೋಗು" ಎಂದು ಹೆಂಡತಿ ಫೋನಿನಲ್ಲಿ ಹೇಳುವುದನ್ನು ಅವನು ಕಣ್ಣು ಮುಚ್ಚಿ ಕೇಳಿದ. ಅಷ್ಟು ಸಂತೋಷ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ.

ಏಳೂವರೆಗೆ ಬಾಗಿಲಲ್ಲಿ ವ್ಯಾನು ನಿಂತಿತು. ಅತ್ತೆ ಇಳಿದರು. ಹಿಂದೆಯೇ ಎರಡು ದೊಡ್ಡ ರಟ್ಟಿನ ಪೆಟ್ಟಿಗೆಗಳು ಇಳಿದವು.

"ಅಕ್ಕನ ಮನೆಗೆ ಹೋಗು ಅಂದಿದ್ನಲ್ಲಮ್ಮ?"

"ಅಲ್ಲಿಗ್ಯಾಕೆ ಹೋಗ್ಲಿ? ಎಂಟು ತಿಂಗಳಿಂದ ಈ ಎರಡು ಮೆಷೀನು ಓಡಿಸ್ತಿದೀನಿ, ಒಂದು ಕಾಸು ಉಳೀಲಿಲ್ಲ. ಬಿಲ್ ನೋಡಿ ನಿಮ್ಮಣ್ಣ ಹೊರಗೆ ಕಳಿಸಿದ. ಇಲ್ಲಿ ಲಾಭ ಬರುತ್ತೆ ಅಂತ ನೀನೇ ಅಂದ್ಯಲ್ಲ. ಲಾಭ ಇರೋ ಕಡೆಗೆ ತಾನೇ ಹೋಗ್ಬೇಕು?"

ಯಜಮಾನ ಲೆಕ್ಕ ಹಾಕಿದ. ನಿಜ ಹೇಳಿದರೆ ರೂಮು ಹೋಗುತ್ತದೆ, ಮಾನವೂ ಹೋಗುತ್ತದೆ. ಬಗ್ಗಿ ಒಂದು ಪೆಟ್ಟಿಗೆಗೆ ಹೆಗಲು ಕೊಟ್ಟ.

ಅರ್ಧ ಗಂಟೆಯಲ್ಲಿ ಮೂರು ಮೆಷೀನುಗಳೂ ಸಾಲಾಗಿ ಕೂತವು. ಉಳಿದ ಜಾಗದಲ್ಲಿ ಅತ್ತೆಯ ಮಂಚ ಹಿಡಿಸಿತು.

"ನೀವಿನ್ನು ಈ ಕಡೆ ಬರೋ ತಾಪತ್ರಯವೇ ಬೇಡ ಅಳಿಯಂದ್ರೇ. ಮೂರನ್ನೂ ನಾನು ನೋಡ್ಕೋತೀನಿ, ನೀವು ಬಿಲ್ ನೋಡ್ಕೊಂಡ್ರೆ ಸಾಕು" ಎಂದು ಅತ್ತೆ ಒಳಗಿನಿಂದ ಚಿಲಕ ಹಾಕಿಕೊಂಡರು.