ಅರವತ್ತು ಗಜ ದೂರದಲ್ಲೇ ನಿಂತ ಗಂಡು ಟರ್ಕಿಯವರಿಗೆ

ವೆಸ್ಟ್‌ಮೀಡ್, ಸಿಡ್ನಿ
ನವೆಂಬರ್ ೧೯೯೩

ಶ್ರೀಮಾನ್ ಗಂಡು ಟರ್ಕಿಯವರು,
ಕೆರೆದಂಡೆಯ ನೀಲಗಿರಿ ಗಮ್ ಮರ, ಮೇಲಿನ ಕೊಂಬೆ,
ಕುರಿ ಫಾರಂ, ಮೆಲ್ಬರ್ನ್‌ನಿಂದ ಉತ್ತರಕ್ಕೆ ಮೂರು ಗಂಟೆ ದಾರಿ.

ಮಾನ್ಯರೇ,

ತಮ್ಮ ಬಾಲದ ಬೀಸಣಿಗೆ ಸದಾ ಅರಳಿರಲಿ, ಕೊರಳಿನ ಕೆಂಪು ಮಾಸದಿರಲಿ, ಎದೆಯಿಂದ ಇಳಿಬಿದ್ದ ಆ ಗಡ್ಡ ನೆಲ ಮುಟ್ಟುವಷ್ಟು ಬೆಳೆಯಲಿ ಎಂದು ಮೊದಲು ಹಾರೈಸಿ, ಆಮೇಲೆ ಜಗಳಕ್ಕೆ ಬರುತ್ತೇನೆ. ಈ ವಸಂತದಲ್ಲಿ ಎರಡು ಬೆಳಗು ತಮ್ಮ ದರ್ಶನಕ್ಕಾಗಿ ಇಬ್ಬನಿಯಲ್ಲಿ ತೊಯ್ದು, ಇರುವೆಗಳಿಂದ ಕಚ್ಚಿಸಿಕೊಂಡು, ಮರಕ್ಕೆ ಬೆನ್ನು ಕೊಟ್ಟು ಕಲ್ಲಿನಂತೆ ಕೂತಿದ್ದ ಹೆಂಗಸು ನಾನೇ. ತಾವು ನನ್ನನ್ನು ಹೆಣ್ಣು ಟರ್ಕಿ ಕೋಳಿ ಎಂದು ತಿಳಿದಿದ್ದಿರಿ. ಅದರಲ್ಲಿ ತಮ್ಮ ತಪ್ಪಿಲ್ಲ, ಹಾಗೆ ತಿಳಿಯಲೆಂದೇ ನಾನು ಅಷ್ಟು ಕಷ್ಟಪಟ್ಟದ್ದು. ಆದರೆ ತಿಳಿದ ಮೇಲೂ ತಾವು ಬರಲಿಲ್ಲವಲ್ಲ, ದೂರು ಇರುವುದು ಅದರ ಮೇಲೆ.

ಇಷ್ಟು ದೂರದಿಂದ ತಮ್ಮನ್ನು ಕರೆಯಲು ನಮಗೇನು ಬಂದಿತ್ತು ಎಂದು ತಾವು ಕೇಳಬಹುದು. ಪಶ್ಚಿಮ ಸಿಡ್ನಿಯಲ್ಲಿ ನಮ್ಮದೊಂದು ಪುಟ್ಟ ಕನ್ನಡ ಸಂಘವಿದೆ. ಪ್ರತಿ ನವೆಂಬರಿನಲ್ಲಿ ಬಾಡಿಗೆಯ ಸ್ಕೌಟ್ ಹಾಲ್‌ನಲ್ಲಿ ರಾಜ್ಯೋತ್ಸವದ ಊಟ ನಡೆಯುತ್ತದೆ, ಒಬ್ಬೊಬ್ಬರು ಒಂದೊಂದು ಅಡುಗೆ ತರುತ್ತಾರೆ, ಕನ್ನಡಿಗರೆಲ್ಲ ಒಂದೇ ಎಂದು ಮೈಕಿನಲ್ಲಿ ಹೇಳುತ್ತಾರೆ, ಹೇಳಿ ಮುಗಿದ ಮೇಲೆ ಎರಡು ಕಡೆ ಉಣ್ಣುತ್ತಾರೆ. ಹಾಲ್‌ನ ಒಳಗೆ ಬಿಳಿ ಬಟ್ಟೆ ಹಾಸಿದ ಉದ್ದನೆಯ ಮೇಜಿನ ಮೇಲೆ ಪುಳಿಯೋಗರೆ, ಬಿಸಿಬೇಳೆಬಾತು, ಹೋಳಿಗೆ. ಹಾಲ್‌ನ ಹಿಂದೆ, ಕಸದ ಬಿನ್ನುಗಳ ಪಕ್ಕದಲ್ಲಿ, ಕಾಲು ಮಡಚುವ ಒಂದು ಕ್ಯಾಂಪಿಂಗ್ ಮೇಜು. ಅದರ ಮೇಲೆ ಸುಗುಣಾಳ ಕೋಳಿ ಸುಕ್ಕ. ಸುಗುಣಾ ಮತ್ತು ಅವಳ ಗಂಡ ಸೇಸಪ್ಪ ಉಡುಪಿ ಕಡೆಯವರು, ಮನೆಯಲ್ಲಿ ತುಳು, ಸಂಘದಲ್ಲಿ ಕನ್ನಡ. ಭಾನುವಾರದ ಕನ್ನಡ ತರಗತಿಯಲ್ಲಿ ಇಡೀ ಸಂಘದ ಮಕ್ಕಳಿಗೆ ಅಕ್ಷರ ತಿದ್ದಿಸುವವಳು ಇದೇ ಸುಗುಣಾ. ಅವಳ ಕೈಯಿಂದ ಅಕ್ಷರ ತೆಗೆದುಕೊಳ್ಳಬಹುದು, ಸೌಟು ಮಾತ್ರ ಹೊರಗಿರಬೇಕು. ನಮ್ಮೂರ ಹೋಟೆಲಿನಲ್ಲಿ ನನ್ನ ಅಪ್ಪನಿಗೆ ಬೇರೆ ಲೋಟವಿತ್ತು, ಅದನ್ನು ಒಡೆಯಲು ನಾವು ಹುಡುಗಿಯರು ಹಲಗೆ ಬಡಿದುಕೊಂಡು ಜಾಥಾ ಹೋಗಿದ್ದೆವು. ವಿಮಾನದಲ್ಲಿ ಇಪ್ಪತ್ತು ಕೆಜಿಗಿಂತ ಹೆಚ್ಚು ಸಾಮಾನು ಬಿಡುವುದಿಲ್ಲ. ಹಾಗಿದ್ದರೂ ಈ ಮಹನೀಯರು ಆ ಲೋಟವನ್ನು ಇಲ್ಲಿಯವರೆಗೆ ಹೇಗೆ ತಂದರೋ, ಕಸ್ಟಮ್ಸ್‌ನವರ ಕಣ್ಣು ಹೇಗೆ ತಪ್ಪಿಸಿದರೋ, ಅವರ ಜಾಣ್ಮೆಗೆ ನಾನು ತಲೆಬಾಗುತ್ತೇನೆ.

ಹೋದ ವರ್ಷ ಆ ಬಿನ್ನುಗಳ ಪಕ್ಕದಲ್ಲಿ ನಿಂತು ಉಣ್ಣುತ್ತಿದ್ದಾಗ ಸುಗುಣಾಳ ಒಂಬತ್ತು ವರ್ಷದ ಮಗಳು ನಿರೀಕ್ಷಾ, ತಟ್ಟೆಯಿಂದ ತಲೆ ಎತ್ತದೆಯೇ, "ಮಮ್, ಆರ್ ವಿ ಸ್ಟಿಂಕಿ?", ನಾವು ನಾರುತ್ತೇವಾ, ಎಂದು ಕೇಳಿದಳು. ಸುಗುಣಾ ಮಗುವಿನ ಕೆನ್ನೆಗೆ ಅಂಟಿದ ಅನ್ನ ಒರೆಸಿದಳು. ಮಾನ್ಯರೇ, ನಾನು ಆಸ್ಪತ್ರೆಯ ನರ್ಸು, ಜನ ಅಳುವುದನ್ನು ದಿನವೂ ನೋಡುತ್ತೇನೆ. ಆ ಒರೆಸುವ ಕೈಯನ್ನು ಮಾತ್ರ ನೋಡಲಾಗಲಿಲ್ಲ. ಈ ವರ್ಷ ಆ ಮಗು ಒಳಗೆ, ಕುರ್ಚಿಯ ಮೇಲೆ ಕೂತು, ತನ್ನ ತಾಯಿಯ ಅಡುಗೆ ಉಣ್ಣಬೇಕು ಎಂದು ಅಲ್ಲೇ ತೀರ್ಮಾನ ಮಾಡಿದೆ. ತಮ್ಮ ಮೇಲೆ ನಾವು ಹೊರಿಸಿದ್ದ ಹೊರೆ ಇಷ್ಟೇ.

ಕಮಿಟಿ ಮೀಟಿಂಗಿನಲ್ಲಿ ನಾನೂ ಸೇಸಪ್ಪನೂ ಮಾತೆತ್ತಿದೆವು. ಅಧ್ಯಕ್ಷ ರಾಮಮೂರ್ತಿಯವರು, ಮ್ಯಾಕ್ವೆರಿ ಪಾರ್ಕ್‌ನಲ್ಲಿ ದೊಡ್ಡ ಎಂಜಿನಿಯರು, ಬಹಳ ಮೃದುವಾಗಿ ನಕ್ಕು, "ನೋಡಿ ಸೇಸಪ್ಪ, ಪರ್ಸನಲ್ ಆಗಿ ನಂದೇನೂ ಅಬ್ಜೆಕ್ಷನ್ ಇಲ್ಲ, ಆದ್ರೆ ಮೆಂಬರ್ಸ್‌ದು ಸೆಂಟಿಮೆಂಟ್ ಅಂತ ಒಂದಿರುತ್ತಲ್ಲ, ಸೂಪರ್‌ಮಾರ್ಕೆಟ್ ಚಿಕನ್ನಲ್ಲಿ ಏನ್ ಕಲ್ಚರ್ ಇದೆ ಹೇಳಿ, ನಮ್ ರಾಜರು ಬೇಟೆ ಆಡ್ತಿದ್ರು, ಅದು ಹೆರಿಟೇಜು, ನೀವೂ ಬೇಟೆ ಆಡ್ಕೊಂಡು ಬನ್ನಿ, ಮೈನ್ ಟೇಬಲ್ ಮೇಲೇ ಇಟ್ಬಿಡೋಣ!" ಎಂದರು. ಎಲ್ಲರೂ ನಕ್ಕರು. ಕಾರ್ಯದರ್ಶಿ ಜಯಲಕ್ಷ್ಮಿಯವರಂತೂ ಚಪ್ಪಾಳೆಯನ್ನೇ ತಟ್ಟಿದರು. ಸೇಸಪ್ಪ ಒಬ್ಬ ನಗಲಿಲ್ಲ. "ಆಯ್ತು ಸರ್," ಎಂದ, "ಹೇಳಿದ ಮಾತು ನೆನಪಿರ್ಲಿ ಮಾರಾಯ್ರೆ."

ಅವನ ತಮ್ಮ ರೋಶನ್ ಇರುವುದು ಮೆಲ್ಬರ್ನ್‌ನಲ್ಲಿ. ರೋಶನ್ ಮೊಲ ಹೊಡೆಯಲು ಹೋಗುವ ಕುರಿ ಫಾರಂನಲ್ಲಿ, ಈಗಿನ ಯಜಮಾನನ ಅಪ್ಪ ಎಂದೋ ಸಾಕಲು ತಂದು ಕೈಬಿಟ್ಟ ಟರ್ಕಿಗಳು ಗುಡ್ಡ ಹತ್ತಿ ಕಾಡು ಹಕ್ಕಿಗಳೇ ಆಗಿಹೋಗಿದ್ದವು. ಆ ವಂಶದ ಕುಲದೀಪಕರು ತಾವು. ಯಜಮಾನ ಅಮೆರಿಕದಲ್ಲಿ ಕೆಲಸ ಮಾಡಿದ್ದಾಗ ಟರ್ಕಿಯನ್ನು ಕರೆದು ಹೊಡೆಯುವ ವಿದ್ಯೆ ಕಲಿತಿದ್ದನಂತೆ. ಒಂದು ಟೊಳ್ಳು ಬಟ್ಟಲಿನ ಬಾಯಿಗೆ ಸ್ಲೇಟಿನ ಬಿಲ್ಲೆ ಅಂಟಿಸಿ, ಮರದ ಕಡ್ಡಿಯಿಂದ ಅದರ ಮೇಲೆ ಸಣ್ಣ ಸಣ್ಣ ಸುತ್ತು ಉಜ್ಜಿದರೆ ಹೆಣ್ಣು ಟರ್ಕಿಯ ದನಿ ಬರುತ್ತದೆ ಎಂದು ಫೋನಿನಲ್ಲಿ ಹೇಳಿಕೊಟ್ಟ. ಸುಗುಣಾ ತರಗತಿಯ ಒಂದು ಸ್ಲೇಟನ್ನು ಗುಂಡಗೆ ಕತ್ತರಿಸಿ, ಹ್ಯಾರಿಸ್ ಪಾರ್ಕ್‌ನಲ್ಲಿ ಕೊಂಡ ತೆಂಗಿನಕಾಯಿಯ ಗೆರಟೆಗೆ ಅಂಟಿಸಿ, ಮರಳು ಕಾಗದದಿಂದ ಉಜ್ಜಿ ಒರಟು ಮಾಡಿದಳು. ಕಡ್ಡಿ ಆಡಿಸಿದರೆ "ಕ್ಯಾಂವ್, ಕ್ಯಾಂವ್" ಎಂದು ಅದು ಎಷ್ಟು ಚೆನ್ನಾಗಿ ಕೂಗಿತೆಂದರೆ ಪಕ್ಕದ ಮನೆಯ ನಾಯಿ ಬೇಲಿ ಹಾರಿ ಬಂತು. ಕೋವಿ ಲೈಸೆನ್ಸು ಇದ್ದದ್ದು ಸೇಸಪ್ಪನಿಗೆ. ಕರೆಯುವ ಕೆಲಸ ನನಗೆ ಬಿತ್ತು. "ಅಕ್ಕಾ, ಡಿಸಿ ಆಫೀಸಿನ ಗಾಜು ನಡುಗಿಸಿದವರು ನೀವು, ಒಂದು ಹಕ್ಕಿ ಬರುವುದಿಲ್ಲವಾ?" ಎಂದ.

ಬರುವುದಿಲ್ಲ ಎಂದು ತಾವು ತೋರಿಸಿಕೊಟ್ಟಿರಿ.

ಮೊದಲ ಬೆಳಗು ಇನ್ನೂ ಮಬ್ಬಿದ್ದಾಗಲೇ ತಾವು ಕೊಂಬೆಯ ಮೇಲಿನಿಂದ "ಗುಳುಗುಳುಗುಳು" ಎಂದು ಅಧ್ಯಕ್ಷ ಭಾಷಣ ಆರಂಭಿಸಿದಿರಿ. ಯಜಮಾನ ಕೊಟ್ಟ ಪಾಠ ನನಗೆ ಬಾಯಿಪಾಠವಾಗಿತ್ತು: ಹಕ್ಕಿ ಮರದಲ್ಲಿರುವಾಗ ನಿದ್ದೆಗಣ್ಣಿನ ದನಿಯಲ್ಲಿ ಮೆಲ್ಲಗೆ ಒಂದೆರಡು ಸಲ ಕರೆ, ಕರೆದು ಕಡ್ಡಿ ಕೆಳಗಿಡು, ಅವನು ಎಷ್ಟೇ ಅರಚಿದರೂ ಉತ್ತರ ಕೊಡಬೇಡ, ಎಲ್ಲಿ ಹೋದಳೆಂದು ಅವನೇ ಹುಡುಕಿಕೊಂಡು ಬರಬೇಕು. ಎಲ್ಲ ಗೊತ್ತಿತ್ತು. ಆದರೆ ಮಾನ್ಯರೇ, ಹದಿನೆಂಟನೆಯ ವಯಸ್ಸಿನಿಂದ ಮೆರವಣಿಗೆಯಲ್ಲಿ ನಡೆದವಳ ಕಷ್ಟ ತಮಗೆ ತಿಳಿಯದು. ಮುಂದಿನವರು ಒಂದು ಕೂಗಿದರೆ ಹಿಂದಿನವರು ಕೂಗಲೇಬೇಕು, ಕೂಗದಿದ್ದರೆ ಚಳವಳಿ ಸತ್ತಂತೆ. ತಾವು "ಗುಳುಗುಳು" ಎಂದಿರಿ, ನನ್ನ ಕೈ ತಾನಾಗಿ "ಕ್ಯಾಂವ್ ಕ್ಯಾಂವ್" ಎಂದಿತು. ತಾವು ಮತ್ತೊಂದು, ನಾನು ಮತ್ತೆರಡು. ಕೊನೆಗೆ ಬೇಕೇ ಬೇಕು ನ್ಯಾಯ ಬೇಕು ಎಂಬ ತಾಳವೇ ಸ್ಲೇಟಿನಿಂದ ಹೊರಟಾಗ ಪೊದೆಯ ಹಿಂದಿನಿಂದ ಸೇಸಪ್ಪ, "ಎಂತ ಅಕ್ಕಾ ಇದು, ಹಕ್ಕಿ ಕರೆಯುವುದಾ, ಧರಣಿ ಕೂರುವುದಾ? ನಿಲ್ಲಿಸಿ ಮಾರಾಯ್ರೆ!" ಎಂದು ಪಿಸುದನಿಯಲ್ಲೇ ಬೈದ.

ಆಗ ತಾವು ಇಳಿದಿರಿ. ಆ ಇಳಿಯುವಿಕೆಯನ್ನು, ಆ ಮೆರೆಯುವಿಕೆಯನ್ನು ಹೊಗಳಲು ನನ್ನ ಕನ್ನಡ ಸಾಲದು. ಬಾಲ ಬಿಚ್ಚಿ, ರೆಕ್ಕೆಯ ತುದಿ ನೆಲಕ್ಕೆ ಉಜ್ಜಿ, ಎದೆ ಊದಿಸಿ, ತಲೆಯ ಬಣ್ಣವನ್ನು ಕೆಂಪಿನಿಂದ ನೀಲಿಗೆ, ನೀಲಿಯಿಂದ ಬಿಳಿಗೆ ಬದಲಾಯಿಸುತ್ತ, ಯಾರಿಗೆ ಯಾವ ಬಣ್ಣ ಬೇಕೋ ಆ ಬಣ್ಣ ತೋರಿಸುವ ಆ ಸಾರ್ವಜನಿಕ ಜೀವನದ ಅನುಭವದೊಂದಿಗೆ ತಾವು ತಂತಿ ಬೇಲಿಯವರೆಗೆ ಬಂದು, ನಮ್ಮಿಂದ ಸರಿಯಾಗಿ ಅರವತ್ತು ಗಜ ದೂರದಲ್ಲಿ ನಿಂತಿರಿ. ಸೇಸಪ್ಪನ ಕೋವಿ ಮುಟ್ಟುವುದು ನಲವತ್ತು ಗಜ. ಬೇಲಿ ಮೊಣಕಾಲೆತ್ತರದ್ದು, ಕುರಿಮರಿಯೂ ದಾಟುತ್ತದೆ. ತಾವು ದಾಟಲಿಲ್ಲ. ಇಷ್ಟೊಂದು ಬೇಡಿಕೊಳ್ಳುವ ಹೆಣ್ಣು ತಾನೇ ನಡೆದು ಬರಬೇಕು, ಬಂದು ಮುಂದೆ ನಿಲ್ಲಬೇಕು, ತಾವು ಬಾಲ ತೋರಿಸಿ ಉಪಕಾರ ಮಾಡುವಿರಿ, ಅಷ್ಟೇ. ಗಂಡಸರು ಇದನ್ನು ತಮ್ಮಿಂದ ಕಲಿತರೋ ತಾವೇ ನಮ್ಮ ಸಂಘದ ಮೀಟಿಂಗಿಗೆ ಬಂದು ಕಲಿತಿರೋ, ಯಾರಾದರೂ ಸಂಶೋಧನೆ ಮಾಡಬೇಕು. ಗಂಟೆಗಟ್ಟಲೆ ತಾವು ಅಲ್ಲೇ ಮೆರೆದಿರಿ. ನಾನು ಕರೆದೇ ಕರೆದೆ. ಪರ್ಸನಲ್ ಆಗಿ ತಮ್ಮದೇನೂ ಅಬ್ಜೆಕ್ಷನ್ ಇರಲಿಲ್ಲ, ಅದು ಮುಖದಲ್ಲೇ ಕಾಣುತ್ತಿತ್ತು.

ಎರಡನೆಯ ಬೆಳಗು ನಾನು ಬಾಯಿಗೂ ಕೈಗೂ ಬೀಗ ಹಾಕಿದೆ. ಒಂದೇ ಸಲ ಮೆಲ್ಲಗೆ ಉಜ್ಜಿ, ಸ್ಲೇಟನ್ನು ಮಡಿಲಿಗೆ ಹಾಕಿಕೊಂಡು, ಆಮೇಲೆ ಬರೀ ಬೆರಳಿನಿಂದ ಒಣಗಿದ ಗಮ್ ಎಲೆಗಳನ್ನು ಕೆದರುತ್ತ ಕೂತೆ, ಹುಳ ಹುಡುಕುವ ಹೆಣ್ಣು ಹಕ್ಕಿ ಕೆದರುವ ಹಾಗೆ, ಯಾರು ಬಂದರೂ ಬಿಟ್ಟರೂ ತನಗೇನು ಎಂಬ ಹಾಗೆ. ಸುಮ್ಮನಿರುವುದು ನನಗೆ ಕೂಗುವುದಕ್ಕಿಂತ ಕಷ್ಟವಾಯಿತು, ಕೆನ್ನೆಯ ಮೇಲೆ ಇರುವೆ ಹರಿದರೂ ರೆಪ್ಪೆ ಆಡಿಸಲಿಲ್ಲ. ತಾವು ಭಾಷಣ ನಿಲ್ಲಿಸಿದಿರಿ. ಸದ್ದಿಲ್ಲದೆ ಬಂದಿರಿ. ಬೇಲಿಯನ್ನೂ ದಾಟಿದಿರಿ! ಐವತ್ತು ಗಜ, ನಲವತ್ತೈದು. ಸೇಸಪ್ಪ ಕೋವಿ ಎತ್ತಿದ್ದು ಕಣ್ಣಂಚಿನಲ್ಲಿ ಕಾಣಿಸಿತು. ಸುಗುಣಾಳ ಅಡುಗೆ ಬಿಳಿ ಬಟ್ಟೆಯ ಮೇಲೆ ಕೂತದ್ದನ್ನು ನಾನು ಆಗಲೇ ಕಂಡುಬಿಟ್ಟಿದ್ದೆ.

ಅಷ್ಟರಲ್ಲಿ ಕೆರೆಯ ಕಡೆಯಿಂದ ಮೂರು ಹೆಣ್ಣು ಟರ್ಕಿಗಳು ಬಂದವು. ನಿಜವಾದವು. ಅವು ಕರೆಯಲಿಲ್ಲ, ಕಾಯಲಿಲ್ಲ, ತಮ್ಮ ಬಾಲದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಮಿಡತೆ ಹೆಕ್ಕುತ್ತ ಅವುಗಳ ಪಾಡಿಗೆ ಅವು ಹುಲ್ಲುಗಾವಲಿನ ಆ ತುದಿಗೆ ನಡೆದವು. ಇಷ್ಟು ದೊಡ್ಡ ಬಾಲದ ಯಜಮಾನರಾದ ತಾವು ಬಾಲ ಮಡಚಿಕೊಂಡು, ಓಡು ನಡಿಗೆಯಲ್ಲಿ ಅವುಗಳ ಹಿಂದೆ ಹೊರಟೇಬಿಟ್ಟಿರಿ. ಸೇಸಪ್ಪ ಕೋವಿ ಇಳಿಸಿ, "ಥತ್, ಇವನೆಂತ ಲೀಡರ್ ಅಕ್ಕಾ! ಮುಂದೆ ಹೋಗುವವರ ಹಿಂದೆ ಹೋಗುವವ," ಎಂದ. ಸಿಡ್ನಿಯವರೆಗಿನ ದಾರಿಯುದ್ದಕ್ಕೂ ನಾನು ಆ ಮೂವರು ಹೆಂಗಸರನ್ನೇ ನೆನೆಯುತ್ತಿದ್ದೆ.

ಆದ್ದರಿಂದ ತಮ್ಮಲ್ಲಿ ನನ್ನ ಸವಿನಯ ಬೇಡಿಕೆಗಳಿವೆ. ಮುಂದಿನ ವರ್ಷ ತಾವೇ ಹ್ಯೂಮ್ ಹೈವೇ ಹಿಡಿದು, ದಾರಿಯಲ್ಲಿ ಲಾರಿಗಳಿಗೆ ಸಿಗದೆ, ರಾಜ್ಯೋತ್ಸವದ ಹೊತ್ತಿಗೆ ಸಿಡ್ನಿಗೆ ಬಿಜಯಂಗೈಯಬೇಕು. ಬರುವಾಗ ತಮ್ಮ ಮುತ್ತಾತ ಸಾಕಿದವನಲ್ಲ, ಶುದ್ಧ ಕಾಡಿನವನೇ ಎಂದು ಸಾಕ್ಷಿ ತರಬೇಕು, ಏಕೆಂದರೆ ನಮ್ಮವರು ಮುತ್ತಾತನ ತನಕ ವಿಚಾರಿಸದೆ ಯಾರನ್ನೂ ಒಳಗೆ ಬಿಡುವುದಿಲ್ಲ. ತಮ್ಮ ಮಾಂಸಕ್ಕೆ ಮಲ್ಲಿಗೆಯ ವಾಸನೆ ಬರುವಂತೆ ಈಗಿನಿಂದಲೇ ಹೂ ತಿನ್ನಲು ಆರಂಭಿಸಬೇಕು. ಇಷ್ಟೂ ಆಗದಿದ್ದರೆ, ಬೇಟೆಗೆ ಸಿಗದ ಹಕ್ಕಿಯಿಂದಾಗಿ ಬಿನ್ನಿನ ಪಕ್ಕದಲ್ಲಿ ನಿಂತು ಉಣ್ಣುವ ಮಗುವಿಗೆ, ಅವಳು ಕೇಳಿದ ಪ್ರಶ್ನೆಗೆ, ತಾವೇ ಬಂದು ಇಂಗ್ಲಿಷಿನಲ್ಲಿ ಉತ್ತರ ಕೊಡಬೇಕು.

ಉತ್ತರ ಸದ್ಯಕ್ಕೆ ಬೇಡವಾಗಿದೆ ಎಂದು ತಿಳಿಸಲು ಹರ್ಷಿಸುತ್ತೇನೆ. ಹೋದ ಶನಿವಾರ ರಾಜ್ಯೋತ್ಸವದ ಊಟಕ್ಕೆ ಸುಗುಣಾ ದೊಡ್ಡ ಪಾತ್ರೆಯ ತುಂಬ ಕೋಳಿ ಸುಕ್ಕ ಮಾಡಿ ತಂದಳು. ಹಾಲ್‌ನ ಹಿಂದೆ ಹೋಗಲಿಲ್ಲ. ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ನಾನು ಘೋಷಣೆ ಕೂಗಲಿಲ್ಲ, ಇದನ್ನು ದಯವಿಟ್ಟು ಗಮನಿಸಬೇಕು. ಅವಳ ಪಕ್ಕದಲ್ಲಿ ಅನ್ನದ ತಪ್ಪಲೆ ಹಿಡಿದು ನಡೆದೆ, ಅಷ್ಟೇ. ಹೋಳಿಗೆಯ ತಟ್ಟೆಯನ್ನು ಒಂದು ಗೇಣು ಆಚೆ ಸರಿಸಿ ಅವಳು ಪಾತ್ರೆ ಇಟ್ಟು ಮುಚ್ಚಳ ತೆಗೆದಳು. ರಾಮಮೂರ್ತಿಯವರು ಬಂದು, ತಗ್ಗಿದ ದನಿಯಲ್ಲಿ, "ಏನಮ್ಮ ಸುಗುಣಾ, ಇದು ಬೇಟೆದಾ?" ಎಂದರು.

"ಹೌದು ಸರ್, ಬೇಟೆಯದ್ದೇ," ಎಂದಳು ಸುಗುಣಾ, ಸೌಟು ಕೈಯಲ್ಲೇ ಹಿಡಿದು. "ಸೂಪರ್‌ಮಾರ್ಕೆಟಿನಲ್ಲಿ ಹೊಡೆದದ್ದು. ಸ್ಪೆಷಲ್ ರೇಟು ಇತ್ತು, ಬಾರೀ ಕಷ್ಟದಲ್ಲಿ ಸಿಕ್ಕಿತು. ನಿಮಗೆ ಬಡಿಸಲಾ?"

ಮೊದಲು ನಕ್ಕಿದ್ದು ರಾಮಮೂರ್ತಿಯವರದೇ ಮಗ ಚಿರಂತನ್. ನಗುತ್ತಲೇ ತಟ್ಟೆ ಚಾಚಿದ. ಅವನ ಹಿಂದೆ ಇನ್ನಿಬ್ಬರು, ಅವರ ಹಿಂದೆ ಸಾಲು. ಜಯಲಕ್ಷ್ಮಿಯವರೂ ಕೆಲವು ಸಂಸಾರಗಳೂ ಸೆಂಟಿಮೆಂಟನ್ನು ಎತ್ತಿಕೊಂಡು ಹೊರಗೆ ಹೋದರು; ಅವರನ್ನು ಯಾರೂ ಕಳಿಸಿರಲಿಲ್ಲ, ಬಾಗಿಲು ತೆರೆದೇ ಇತ್ತು. ಅಧ್ಯಕ್ಷರು ಒಳಗೂ ಅಲ್ಲದೆ ಹೊರಗೂ ಅಲ್ಲದೆ ಹೊಸ್ತಿಲ ಮೇಲೆ ನಿಂತು ಎರಡೂ ಕಡೆ ಮುಗುಳ್ನಕ್ಕರು. ನಿರೀಕ್ಷಾ ಕುರ್ಚಿ ಎಳೆದುಕೊಂಡು ಕೂತು, ಕಾಲು ಆಡಿಸುತ್ತ ಉಂಡಳು. ಅವಳು ಏನನ್ನೂ ಕೇಳಲಿಲ್ಲ. ಖಾರ ಹೆಚ್ಚಾಯಿತೆಂದು ನೀರು ಕೇಳಿದಳು, ಅಷ್ಟೇ. ಅದನ್ನು ಕನ್ನಡದಲ್ಲಿ ಕೇಳಿದಳು.

ಇನ್ನು ಮುಂದೆ ಯಾರನ್ನೂ ಕರೆಯದಿರಲು ನಿಶ್ಚಯಿಸಿರುವ,

ತಮ್ಮ ವಿಶ್ವಾಸಿ,
ಪುಟ್ಟಮ್ಮ

ತಾ.ಕ.: ಸಂಘದಲ್ಲಿ, ಅಂದು ಹೊರಗೆ ಹೋದ ಉಪಾಧ್ಯಕ್ಷರ ಜಾಗ ಈ ವಾರ ತೆರವಾಗಿದೆ. ಎದೆ ಊದಿಸುವುದರಲ್ಲಿ, ಬಣ್ಣ ಬದಲಾಯಿಸುವುದರಲ್ಲಿ, ಬೇಲಿ ದಾಟದಿರುವುದರಲ್ಲಿ ತಮಗಿರುವ ಅನುಭವ ನೋಡಿದರೆ ಎದುರಾಳಿಯೇ ಇಲ್ಲದೆ ಆರಿಸಿ ಬರುವಿರಿ. ತಾವು ಮಿಡತೆ ತಿನ್ನುವ ವಿಷಯ ನಾನಾಗಿ ಎತ್ತುವುದಿಲ್ಲ. ಆದರೆ ಜಯಲಕ್ಷ್ಮಿಯವರ ಮೂಗು ಬಹಳ ಚುರುಕು, ಹುಷಾರು.