ಎರಡನೆಯ ಚೆಂಡು

ಅಪಾಯ ಎದುರಾದಾಗ ತಾನು ಏನು ಮಾಡುತ್ತೇನೆ ಎಂಬುದು ಮನುಷ್ಯನಿಗೆ ಮೊದಲೇ ಗೊತ್ತಿರುವುದಿಲ್ಲ. ಕೊನೆಯವರೆಗೂ ಗೊತ್ತಾಗದೆ ಉಳಿದವರು ಪುಣ್ಯವಂತರು. ನನಗೆ ಗೊತ್ತಾಗಿಹೋಗಿದೆ. ನಾನು ಹೆಂಡತಿಯ ಹಿಂದೆ ಅಡಗುತ್ತೇನೆ. ಎಂಜಿನಿಯರಿಂಗ್ ಓದಿದ, ಈ ಪರದೇಶಕ್ಕೆ ಬಂದು ಕಾಕಿ ಬುಕಿತ್‌ನ ಗೋದಾಮೊಂದರಲ್ಲಿ ಸುರಕ್ಷತೆಯ ವಿಷಯವಾಗಿ ಹತ್ತಾರು ಜನರಿಗೆ ಪಾಠ ಹೇಳುವ ನಾನು, ಹೀಗೆ ಮಾಡುತ್ತೇನೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಕೊನೆಗೆ ನಕ್ಕವರು ಉಳಿದವರು.

ನನ್ನ ಮಗಳು ಅನಘಾಗೆ ಹದಿಮೂರು ವರ್ಷ. ನಮ್ಮ ಮನೆಯಿರುವ ಸೆಂಗ್‌ಕಾಂಗ್ ಬಡಾವಣೆಯಲ್ಲೇ ಬೆಳೆದವಳು, ಒಂದು ವರ್ಷದಿಂದ ಬೇಸ್‌ಬಾಲ್ ಹಿಡಿದುಕೊಂಡಿದ್ದಾಳೆ. ಪ್ರತಿ ಭಾನುವಾರ ಬೆಳಿಗ್ಗೆ ಬೆಡೋಕ್ ಕಡೆಯ ಮೈದಾನಕ್ಕೆ ನಾವು ಮೂವರೂ ಹೋಗುತ್ತೇವೆ. ಅವಳು ಆಡುತ್ತಾಳೆ, ನಾನೂ ಹೆಂಡತಿ ಸುಮಾಳೂ ಫ್ಲಾಸ್ಕಿನ ಕಾಫಿ ಕುಡಿಯುತ್ತ ನೋಡುತ್ತೇವೆ. ಪೋಷಕರು ಚೆಂಡು ತಡೆಯುವ ಬಲೆಯ ಹಿಂದೆಯೇ ಕೂರಬೇಕು ಎಂದು ಅಲ್ಲಿ ಫಲಕವಿದೆ. ನಾನು ಓದಿದ್ದೆ. ಆದರೆ ಮೈಸೂರಿನ ಕಾಲೇಜು ಕ್ರಿಕೆಟ್ ತಂಡದಲ್ಲಿ ಎರಡು ವರ್ಷ ಹನ್ನೆರಡನೆಯ ಆಟಗಾರನಾಗಿ ನೀರು ಹೊತ್ತವನು ನಾನು. ಬ್ಯಾಟಿಗೆ ಸವರಿ ಹಿಂದಕ್ಕೆ ಹೋದ ಚೆಂಡು ಹುಲ್ಲಿನ ಮೇಲೆ ತೆವಳಿಕೊಂಡು ಬರುತ್ತದೆ ಎಂಬುದು ನನ್ನ ಅನುಭವ. ಅದನ್ನೇ ನಂಬಿ ಒಂದು ಭಾನುವಾರ ಕುರ್ಚಿಗಳನ್ನು ಬಲೆಯ ಮರೆಯಿಂದ ಹೊರಕ್ಕೆ, ಮರದ ನೆರಳಿಗೆ ಎಳೆದೆ. ಬೇಸ್‌ಬಾಲಿನ ಚೆಂಡು ಮೈಸೂರಿಗೆ ಬಂದಿರಲಿಲ್ಲ. ಟಕ್ ಎಂದಿತು. ಎಡಗಿವಿಯ ಪಕ್ಕದಲ್ಲಿ ಗಾಳಿ ಬುಸ್ಸೆಂದಿತು. ಹಿಂದೆ ಸ್ಟೀಲ್ ಫ್ಲಾಸ್ಕು ಠಣ್ ಎಂದಿತು. ನನಗೆ ಪ್ರಜ್ಞೆ ಮರಳಿದಾಗ ನಾನು ಸುಮಾಳ ಬೆನ್ನ ಹಿಂದೆ ಕುಕ್ಕರುಗಾಲಿನಲ್ಲಿದ್ದೆ. ಅವಳ ಎರಡೂ ಭುಜಗಳು ನನ್ನ ಮುಷ್ಟಿಯಲ್ಲಿದ್ದವು.

"ಮುಗೀತಾ? ಇನ್ನು ಬಿಡಿ, ಭುಜ ನೋಯ್ತಿದೆ," ಎಂದಳು. ಕೈಯಲ್ಲಿದ್ದ ಡಬ್ಬಿಯಿಂದ ಒಂದು ಚೂರು ಉಪ್ಪಿಟ್ಟೂ ಚೆಲ್ಲಿರಲಿಲ್ಲ.

ಮನೆಗೆ ಮರಳುವಾಗ ಎಂಆರ್‌ಟಿ ರೈಲಿನಲ್ಲಿ ಅನಘಾ, "ಅಪ್ಪಾ, ಅಮ್ಮನ್ನ ಶೀಲ್ಡ್ ತರ ಯೂಸ್ ಮಾಡ್ದೆ ಲಾ. ಫುಲ್ ಟೀಮ್ ನೋಡ್ತು," ಎಂದಳು, ಇಲ್ಲಿನವರು ಮಾತಿನ ತುದಿಗೆ ಹಚ್ಚುವ 'ಲಾ' ಸಮೇತ. "ನೆಕ್ಸ್ಟ್ ಸಂಡೇ ಮ್ಯಾಚಲ್ಲಿ ಫಸ್ಟ್ ಬ್ಯಾಟಿಂಗ್ ನಂದೇ. ನೀನು ಬರ್ಲೇಬೇಕು. ಆದ್ರೆ ಓಡಬೇಡ, ಪ್ಲೀಸ್."

"ನನಗೇನೂ ಅಭ್ಯಂತರ ಇಲ್ಲ. ಭುಜ ರೆಡಿಯಾಗಿದೆ," ಎಂದಳು ಸುಮಾ.

ಆ ವಾರವಿಡೀ ಚೆಂಡು ನನ್ನ ಕಿವಿಯ ಪಕ್ಕದಲ್ಲೇ ಹಾರಾಡಿತು. ಕುಕ್ಕರ್ ಕೂಗಿದರೆ ಬಗ್ಗುತ್ತಿದ್ದೆ. ಗೋದಾಮಿನಲ್ಲಿ ಯಾರೋ ಹಲಗೆ ಬೀಳಿಸಿದಾಗ, ಸುರಕ್ಷತೆಯ ಪಾಠದ ನಡುವೆಯೇ ಮೇಜಿನ ಕೆಳಗೆ ಅರ್ಧ ಹೋಗಿ, ಪೆನ್ನು ಹುಡುಕುವವನಂತೆ ನಟಿಸಿದೆ. ಬುಧವಾರ ಸಂಜೆ ಕೋಚನ್ನು ಕಂಡು, ಭಾನುವಾರ ಕಚೇರಿ ಕೆಲಸವಿದೆ ಎಂದು ಸುಳ್ಳು ಹೇಳಿ ಬರೋಣವೆಂದು ಹೊರಟೆ. ಮಗಳಿಗೆ ನೇರವಾಗಿ ಹೇಳುವ ಧೈರ್ಯವೂ ಇರಲಿಲ್ಲ.

ಕೋಚ್ ಹಯಾಶಿ ಜಪಾನಿನಲ್ಲಿ ಒಂಬತ್ತು ವರ್ಷ ಬೇಸ್‌ಬಾಲ್ ಆಡಿಯೇ ಸಂಬಳ ಪಡೆದವರು. ಅವರ ಇಂಗ್ಲಿಷಿನಲ್ಲಿ ಮೂರು ಪದಕ್ಕೊಂದು ವಾಕ್ಯ ಮುಗಿಯುತ್ತದೆ. ನನ್ನ ಸುಳ್ಳನ್ನು ಪೂರ್ತಿ ಕೇಳಿಸಿಕೊಂಡು, ತಮ್ಮ ಎಡಗೆನ್ನೆ ಮುಟ್ಟಿ ತೋರಿಸಿದರು. ಅಲ್ಲಿಗೆ ಒಮ್ಮೆ ಚೆಂಡು ಬಡಿದಿತ್ತಂತೆ. ಮೂಳೆ ಬೇಗ ಕೂಡಿಕೊಂಡಿತು. ಆದರೆ ಬ್ಯಾಟ್ ಹಿಡಿದು ನಿಂತಾಗಲೆಲ್ಲ, ಚೆಂಡು ಹೊರಡುವ ಮೊದಲೇ, ಅವರ ಕಾಲು ತಾನಾಗಿ ಹಿಂದೆ ಸರಿಯತೊಡಗಿತು. ಎರಡು ವರ್ಷ ಆ ಕಾಲನ್ನು ಬೈದರು, ಬೇಡಿಕೊಂಡರು. "ಮೊದಲು ಕಾಲು ನಿವೃತ್ತಿಯಾಯಿತು. ಆಮೇಲೆ ನಾನು," ಎಂದರು. ಮಕ್ಕಳಿಗೆ ಕಲಿಸಲು ಬಂದ ಮೇಲೆ ಅದೇ ಉಪಯೋಗಕ್ಕೆ ಬಂತಂತೆ: ಯಾವ ಮಗುವಿನ ಕಾಲು ಕೂದಲೆಳೆಯಷ್ಟು ಸರಿದರೂ ಅವರಿಗೆ ಮೈದಾನದ ಆ ತುದಿಯಿಂದಲೇ ಕಾಣುತ್ತದೆ. ಬೂಟಿನ ತುದಿಯಿಂದ ಮಣ್ಣಿನಲ್ಲಿ ಗೆರೆ ಎಳೆದರು. "ಹೆದರಿ. ಪರವಾಗಿಲ್ಲ. ಕಾಲು ನೋಡಿ. ಕಾಲು ನಿಂತರೆ ಮನುಷ್ಯ ನಿಂತ."

ಭಾನುವಾರ ನಾನು ಹಾಗೆಯೇ ಮಾಡಿದೆ. ಈ ಸಲ ಬಲೆಯ ಹಿಂದಿನ ಬೆಂಚಿನಲ್ಲೇ ಕುಳಿತು, ಚಪ್ಪಲಿಯ ಮುಂದೊಂದು ಗೆರೆ ಎಳೆದು, ಕಣ್ಣು ಅಲ್ಲಿ ನೆಟ್ಟೆ. ಅನಘಾ ಬ್ಯಾಟ್ ಹಿಡಿದು ಬಂದಳು ಎಂದು ಸುಮಾ ಹೇಳಿದಳು. ನಾನು ಚಪ್ಪಲಿ ನೋಡುತ್ತಿದ್ದೆ. ಬಲಗಾಲಿನದರ ಪಟ್ಟಿಯಲ್ಲಿ ಮೂರು ಹೊಲಿಗೆ ಬಿಟ್ಟಿವೆ. ಎಡಗಾಲಿನದರ ಅಂಚಿಗೆ ಒಂದು ಇರುವೆ ಹತ್ತುತ್ತಿತ್ತು. ಟಕ್ ಎಂದಿತು. ಯಾರೋ ಕಿರುಚಿದರು. ಪಕ್ಕದಲ್ಲಿ ಧಡಬಡ ಸದ್ದಾಯಿತು. ಇರುವೆ ಹೆಬ್ಬೆರಳು ತಲುಪಿತು. ನಾನು ತಲೆ ಎತ್ತಿದಾಗ ಸಾಲಿನಲ್ಲಿದ್ದ ಪೋಷಕರೆಲ್ಲ ನೆಲದ ಮೇಲಿದ್ದರು. ಸುಮಾ ಬೆಂಚಿನ ಕೆಳಗಿದ್ದಳು.

ಆಟ ಮುಗಿಯುತ್ತಲೇ ಅನಘಾ ಓಡಿ ಬಂದಳು. "ಅಪ್ಪಾ, ಅದು ನನ್ನ ಬಾಲೇ. ನೆಟ್ ಮೇಲಿಂದ ಬಂದು ನಿನ್ನ ತಲೆ ಪಕ್ಕಾನೇ ಹೋಯ್ತು. ಎಲ್ರೂ ಬಿದ್ರು, ನೀನು ಅಲ್ಲಾಡ್ಲೇ ಇಲ್ಲ. ಸೋ ಸ್ಟೆಡಿ ಲಾ." ಅದರ ಮುಂದಿನ ಚೆಂಡನ್ನು ಅವಳು ಬಲು ಚೆನ್ನಾಗಿ ಹೊಡೆದಿದ್ದಳಂತೆ. ಅದನ್ನೂ ನಾನು ನೋಡಲಿಲ್ಲ. ಆಗ ಮತ್ತೆ ಚಪ್ಪಲಿಗೆ ಮರಳಿದ್ದೆ. ದೂರದಿಂದ ಕೋಚ್ ಹಯಾಶಿ ಮೊದಲು ನನ್ನ ಕಾಲನ್ನು, ಆಮೇಲೆ ತಮ್ಮ ಕಾಲನ್ನು ನೋಡಿ, ನನಗೆ ತಲೆಬಾಗಿದರು. ಅವರಿಗೆ ಎಲ್ಲ ತಿಳಿದಿತ್ತೆಂದು ಕಾಣುತ್ತದೆ.

ಈಗ ಪರಿಚಯದ ಅಂಕಲ್ ಆಂಟಿಯರಿಗೆಲ್ಲ ಅನಘಾ ಈ ಕತೆ ಹೇಳುತ್ತಾಳೆ. ನಾನು ಸುಮ್ಮನೆ ನಗುತ್ತೇನೆ, ಧೈರ್ಯವಂತರು ನಗುವ ಹಾಗೆ. ಒಳಗಿನ ಸ್ಥಿತಿ ಮೊದಲಿಗಿಂತ ಹದಗೆಟ್ಟಿದೆ. ಮೊದಲ ಚೆಂಡನ್ನಾದರೂ ನಾನು ಬಲ್ಲೆ, ಅದು ಎಡಗಿವಿಯ ಕಡೆಯಿಂದಲೇ ಬರುತ್ತದೆ. ಎರಡನೆಯದನ್ನು ನೋಡಿಲ್ಲವಾದ್ದರಿಂದ ಅದು ಎಲ್ಲಿಂದ ಬೇಕಾದರೂ ಬರುತ್ತದೆ: ಲಿಫ್ಟಿನ ಬಾಗಿಲಿನಿಂದ, ಎಂಆರ್‌ಟಿಯ ಕಿಟಕಿಯಿಂದ, ಮೇಲಧಿಕಾರಿಯ ಬಾಯಿಂದ. ಬರುವ ಭಾನುವಾರವೂ ಅದೇ ಜಾಗದಲ್ಲಿ ಕೂರಬೇಕೆಂದು ಮಗಳು ಹೇಳಿದ್ದಾಳೆ. ಅಪ್ಪ ಇದ್ದರೆ ತಂಡಕ್ಕೆ ಧೈರ್ಯವಂತೆ. ಒಪ್ಪಿಕೊಂಡಿದ್ದೇನೆ. ಹಳೆಯ ಚಪ್ಪಲಿಯಲ್ಲಿ ನೋಡುವಂಥದ್ದು ಇನ್ನೇನೂ ಉಳಿದಿಲ್ಲವಾದ್ದರಿಂದ, ಹೊಸದೊಂದು ಜೊತೆ ಕೊಂಡು ತಂದಿದ್ದೇನೆ.